ಸೀನಿಯರ್ ನೈಟ್‌ನಲ್ಲಿ ಯಾರ ಹೆಸರು ಕರೆಯಬೇಕು? ಫ್ರಟರ್ನಿಟಿಯಲ್ಲಿದ್ದವರು, ಮಕ್ಕಳನ್ನು ಕಳಿಸಿದವರು ದಯವಿಟ್ಟು ಹೇಳಿ

ಚಾಮುಂಡಿ ತಪ್ಪಲು (ಚರ್ಚೆ ಶುರು ಮಾಡಿದವರು)

ಎಲ್ಲರಿಗೂ ನಮಸ್ಕಾರ. ಏಪ್ರಿಲ್ ಕೊನೇ ಶನಿವಾರ ನಮ್ಮ ಫ್ರಟರ್ನಿಟಿ ಚಾಪ್ಟರ್‌ನ (ಅಮೆರಿಕದ ಕಾಲೇಜು ಹುಡುಗರ ಸಂಘದ ಸ್ಥಳೀಯ ಶಾಖೆಯ) ಸೀನಿಯರ್ ನೈಟ್, ಅಂದರೆ ಕೊನೇ ವರ್ಷದವರ ಬೀಳ್ಕೊಡುಗೆ. ಇನ್ನು 12 ದಿನ ಉಳಿದಿದೆ. ಈ ಸಲ 11 ಹುಡುಗರು ಡಿಗ್ರಿ ಮುಗಿಸಿ ಹೊರಡುತ್ತಿದ್ದಾರೆ. ಅವರಲ್ಲಿ ಒಬ್ಬನಿಗೆ ‘ಔಟ್‌ಸ್ಟ್ಯಾಂಡಿಂಗ್ ಸೀನಿಯರ್’ ಫಲಕ ಕೊಡುತ್ತೇವೆ. ಆಯ್ಕೆ ಮಾಡುವ ಮೂವರಲ್ಲಿ ನಾನೊಬ್ಬ. ಮೂರು ರಾತ್ರಿಯಿಂದ ಇದೇ ಯೋಚನೆ.

ನಾನು ಮೈಸೂರಿನಿಂದ 1994ರಲ್ಲಿ ಓಹಾಯೋಗೆ ಎಂಜಿನಿಯರಿಂಗ್ ಓದಲು ಬಂದವನು. ಮೊದಲ ವರ್ಷ ಡಾರ್ಮ್‌ನಲ್ಲಿ ಯಾರ ಜೊತೆಗೂ ಸರಿಯಾಗಿ ಮಾತಿಲ್ಲ. ಎರಡನೇ ವರ್ಷ ಲ್ಯಾಬ್ ಗೆಳೆಯನೊಬ್ಬ ಒಂದು ಭಾನುವಾರ ಊಟಕ್ಕೆ ಕರೆದುಕೊಂಡು ಹೋದ. ಹಳೇ ಮರದ ಮನೆ, ಗೋಡೆ ತುಂಬಾ ವರ್ಷಕ್ಕೊಂದರಂತೆ ಎಲ್ಲರ ಮುಖ ಸೇರಿಸಿದ ಕಾಂಪೋಸಿಟ್ ಫೋಟೋ, ಒಂದೇ ಉದ್ದನೆ ಮೇಜಿನಲ್ಲಿ 30 ಜನ. ಅವತ್ತು ನನ್ನ ಹೆಸರನ್ನು ಸರಿಯಾಗಿ ಹೇಳಲು ಮೂರು ಸಲ ಪ್ರಯತ್ನ ಮಾಡಿದ ಹುಡುಗ ಇವತ್ತಿಗೂ ನನ್ನ ಆಪ್ತ. ಈಗ ಆರು ವರ್ಷದಿಂದ ಆ ಚಾಪ್ಟರ್‌ಗೆ ಅಲಮ್ನಿ ಅಡ್ವೈಸರ್ (ಹಳೇ ವಿದ್ಯಾರ್ಥಿ ಸಲಹೆಗಾರ) ಆಗಿದ್ದೇನೆ. ಚಾಪ್ಟರ್ ಹೆಸರು ಇಲ್ಲಿ ಹೇಳುವುದಿಲ್ಲ.

ವಿಷಯ ಇದು. ಕೊನೆಗೆ ಇಬ್ಬರು ಉಳಿದಿದ್ದಾರೆ. ಒಬ್ಬ ನಮ್ಮ ಪ್ರೆಸಿಡೆಂಟ್. ಓದಿನಲ್ಲಿ ಮುಂದೆ, ಮೆಡಿಕಲ್ ಸ್ಕೂಲ್‌ನಲ್ಲಿ ಸೀಟು ಸಿಕ್ಕಿದೆ, ಒಳ್ಳೇ ಹುಡುಗ. ಇನ್ನೊಬ್ಬ ಅಡುಗೆಮನೆ ನೋಡಿಕೊಂಡವನು. ವಾರಾಂತ್ಯದ ರಾತ್ರಿ ಕುಡಿಯದೆ ಕಾರು ಓಡಿಸಿ ಎಲ್ಲರನ್ನೂ ಮನೆ ಸೇರಿಸುವ ಡ್ಯೂಟಿ ಇರುತ್ತದೆ, ಸೋಬರ್ ಡ್ರೈವರ್ ಅಂತಾರೆ. ಯಾರಾದರೂ ತಪ್ಪಿಸಿಕೊಂಡರೆ ಇವನೇ ಹೋಗುತ್ತಿದ್ದ. ತನ್ನ ಡ್ಯೂಸ್ (ಸಂಘದ ಶುಲ್ಕ) ತಾನೇ ಕಟ್ಟಬೇಕು ಅಂತ ವಾರಕ್ಕೆ 20 ಗಂಟೆ ಗೋದಾಮಿನಲ್ಲಿ ಕೆಲಸವನ್ನೂ ಮಾಡುತ್ತಿದ್ದ. ಅದಕ್ಕೇ ಇರಬೇಕು, ಅವನ ಜಿಪಿಎ (4ಕ್ಕೆ ಲೆಕ್ಕ ಹಾಕುವ ಸರಾಸರಿ ಅಂಕ) 3.0 ಮುಟ್ಟಿಲ್ಲ. ನಮ್ಮ ನಿಯಮದಲ್ಲಿ ಫಲಕಕ್ಕೆ 3.0 ಬೇಕೇ ಬೇಕು.

ನಾನು ಇಷ್ಟು ತಲೆ ಕೆಡಿಸಿಕೊಳ್ಳಲು ಕಾರಣವಿದೆ. ನಾವು ಓದುವಾಗಲೂ ಫಲಕ ಪ್ರತಿವರ್ಷ ಪ್ರೆಸಿಡೆಂಟ್‌ಗೇ ಹೋಗುತ್ತಿತ್ತು. ಒಂದು ವರ್ಷ ನಮ್ಮ ಟ್ರೆಜರರ್ ಚಾಪ್ಟರ್ ಸಾಲವನ್ನೆಲ್ಲ ತೀರಿಸಿದ್ದ. ಒಂದೊಂದು ರಸೀದಿ ಹಿಡಿದು ಅಂಗಡಿ ಅಂಗಡಿಗೆ ಓಡಾಡಿದ್ದ. ಸೀನಿಯರ್ ನೈಟ್‌ನಲ್ಲಿ ಅವನ ಹೆಸರನ್ನು ಒಬ್ಬರೂ ಎತ್ತಲಿಲ್ಲ. ಗುಂಪು ಫೋಟೋ ತೆಗೆಯುವ ಮೊದಲೇ ಅವನು ಕೋಟು ಎತ್ತಿಕೊಂಡು ಹೊರಟುಹೋದ. ಬಾಗಿಲ ಹತ್ತಿರ ನಿಂತಿದ್ದವನು ನಾನು. ತಡೆಯಬಹುದಿತ್ತು, ತಡೆಯಲಿಲ್ಲ. ಆಮೇಲೆ ಅವನು ಯಾವ ರೀಯೂನಿಯನ್‌ಗೂ ಬರಲಿಲ್ಲ.

ನಿಯಮ ಮುರಿಯಬೇಕಾ? ಬೇರೆ ಚಾಪ್ಟರ್‌ಗಳಲ್ಲಿ ಹೇಗೆ ಮಾಡ್ತಾರೆ?


ದಾವಣಗೆರೆ ಬೆಣ್ಣೆ

ಸರ್, ನಾನು ಊರಿನಲ್ಲೇ ಇರೋದು. ಫ್ರಟರ್ನಿಟಿ ಅಂದರೆ ನಮ್ಮ ಹಾಸ್ಟೆಲ್ ತರಹಾನಾ? ಹೆಸರು ಯಾಕೆ ಗ್ರೀಕ್ ಅಕ್ಷರದಲ್ಲಿ?


ಚಾಮುಂಡಿ ತಪ್ಪಲು

ಹಾಸ್ಟೆಲ್‌ಗೆ ಸೀಟು ಸಿಕ್ಕರೆ ಸಾಕು. ಇಲ್ಲಿ ಇರುವವರು ನಿಮ್ಮನ್ನು ಆರಿಸಬೇಕು, ನೀವೂ ಅವರನ್ನು ಆರಿಸಬೇಕು. ಸೇರಿದ ಮೇಲೆ ಸಾಯುವವರೆಗೂ ಬ್ರದರ್. ಎಲ್ಲ ಚಾಪ್ಟರ್‌ಗೂ ಸ್ವಂತ ಮನೆ ಇರುವುದಿಲ್ಲ, ನಮಗಿದೆ. ಗ್ರೀಕ್ ಅಕ್ಷರ ಹಳೇ ಕಥೆ. 1776ರಲ್ಲಿ ವರ್ಜೀನಿಯಾದ ವಿಲಿಯಂ ಅಂಡ್ ಮೇರಿ ಕಾಲೇಜಿನ ಹುಡುಗರು ‘ಫೈ ಬೀಟಾ ಕಪ್ಪಾ’ ಅಂತ ಸಂಘ ಕಟ್ಟಿದರು. ಗ್ರೀಕ್ ಹೆಸರು ಅಲ್ಲಿಂದ ಬಂತು. ಅದು ಈಗ ಫ್ರಟರ್ನಿಟಿ ಅಲ್ಲ, ಚೆನ್ನಾಗಿ ಓದಿದವರಿಗೆ ಸಿಗುವ ಗೌರವ. ನಮ್ಮ ಓಹಾಯೋದ ಆಕ್ಸ್‌ಫರ್ಡ್ ಊರಿನಲ್ಲಿ ಮಯಾಮಿ ಯೂನಿವರ್ಸಿಟಿ ಅಂತ ಇದೆ. ಬೀಟಾ ಥೀಟಾ ಪೈ (1839), ಫೈ ಡೆಲ್ಟಾ ಥೀಟಾ (1848), ಸಿಗ್ಮಾ ಕೈ (1855) ಮೂರೂ ಅಲ್ಲೇ ಹುಟ್ಟಿದ್ದು.


ನೀಲಿ ಟೈ

ಅಣ್ಣ, ನಾನು ಸಿಗ್ಮಾ ಕೈ, ಇಂಡಿಯಾನಾದಲ್ಲಿ ಓದಿದವನು. ನಮ್ಮಲ್ಲಿ ಹೊರಡುವ ಸೀನಿಯರ್‌ಗೆ ಬ್ಯಾಲ್ಫರ್ ಅವಾರ್ಡ್ ಇದೆ. ಮೊದಲು ಚಾಪ್ಟರ್‌ನಲ್ಲಿ ಒಬ್ಬನನ್ನು ಆರಿಸುತ್ತಾರೆ. ಆಮೇಲೆ ಪ್ರಾವಿನ್ಸ್ (ಹಲವು ಚಾಪ್ಟರ್ ಸೇರಿದ ವಲಯ) ಮಟ್ಟ. ಅವರೆಲ್ಲರಲ್ಲಿ ಒಬ್ಬನಿಗೆ ಇಂಟರ್‌ನ್ಯಾಷನಲ್ ಬ್ಯಾಲ್ಫರ್ ಅವಾರ್ಡ್. ಓದುವ ಹುಡುಗನಿಗೆ ನಮ್ಮಲ್ಲಿ ಅದಕ್ಕಿಂತ ದೊಡ್ಡದಿಲ್ಲ. ಓದು, ನಡತೆ, ಫ್ರಟರ್ನಿಟಿಗೆ ಮಾಡಿದ ಕೆಲಸ, ಕ್ಯಾಂಪಸ್‌ನಲ್ಲಿ ತೊಡಗಿಸಿಕೊಂಡಿದ್ದು ಎಲ್ಲ ಒಟ್ಟಿಗೆ ನೋಡುತ್ತಾರೆ. ಹೆಸರು ಲಾಯ್ಡ್ ಬ್ಯಾಲ್ಫರ್ ಅವರದ್ದು. 1913ರಲ್ಲಿ ಮ್ಯಾಸಚೂಸೆಟ್ಸ್‌ನ ಆಟಲ್‌ಬರೋದಲ್ಲಿ ಫ್ರಟರ್ನಿಟಿ ಬ್ಯಾಡ್ಜ್, ಉಂಗುರ ಮಾಡುವ ಕಂಪನಿ ಶುರು ಮಾಡಿದವರು, ಅವರೂ ಸಿಗ್ಮಾ ಕೈ.

ನನ್ನ ಮಾತು ಕೇಳಿದರೆ ನಿಯಮ ಮುರಿಯಬೇಡಿ. ನವೆಂಬರ್‌ನಲ್ಲೇ ಹುಡುಗರಿಗೆ 3.0 ಅಂತ ಹೇಳಿರ್ತೀರಿ. ಆ ನಂಬಿಕೆ ಮೇಲೆ ಅರ್ಜಿ ಹಾಕಿರ್ತಾರೆ. ಏಪ್ರಿಲ್‌ನಲ್ಲಿ ಬದಲಾಯಿಸಿದರೆ ಪ್ರೆಸಿಡೆಂಟ್ ಹುಡುಗನಿಗೆ ಅನ್ಯಾಯ. ಪ್ರೆಸಿಡೆಂಟ್ ಅನ್ನೋ ಒಂದೇ ಕಾರಣಕ್ಕೆ ಅವನ ಕೆಲಸ ಸಣ್ಣದಾಗೋದಿಲ್ಲ ಅಲ್ವಾ? ನಾನೂ ಒಂದು ವರ್ಷ ಆ ಕೆಲಸ ಮಾಡಿದ್ದೇನೆ. ರಾತ್ರಿ ಎರಡಕ್ಕೆ ಫೋನ್ ಬಂದರೆ ಡೀನ್ ಆಫೀಸಿಗೆ ಉತ್ತರ ಕೊಡುವವನು ಅವನೇ.

ಇನ್ನೊಬ್ಬ ಹುಡುಗನಿಗೆ ಬೇರೆ ದಾರಿ ಹುಡುಕಿ. ಆದರೆ ಸಮಾಧಾನದ ಬಹುಮಾನ ಅನ್ನಿಸಬಾರದು.


ನೇರ ಮಾತು

ಬೇಜಾರು ಮಾಡ್ಕೋಬೇಡಿ. ಫ್ರಟರ್ನಿಟಿಗಳಲ್ಲಿ ಸನ್ಮಾನ ಅಂದರೆ ನನಗೆ ಹೊಟ್ಟೆಯಲ್ಲಿ ಸಂಕಟ ಆಗುತ್ತೆ. 2017ರಲ್ಲಿ ಪೆನ್ ಸ್ಟೇಟ್‌ನಲ್ಲಿ ಹೊಸದಾಗಿ ಸೇರಿದ ಹುಡುಗನಿಗೆ ಸಿಕ್ಕಾಪಟ್ಟೆ ಕುಡಿಸಿದರು, ಅವನು ಮೆಟ್ಟಿಲಿಂದ ಬಿದ್ದ. ಗಂಟೆಗಟ್ಟಲೆ ಯಾರೂ ಆಂಬುಲೆನ್ಸ್ ಕರೆಯಲಿಲ್ಲ. ಸತ್ತುಹೋದ. ನನ್ನ ಮಗ ಆಗ ಅದೇ ರಾಜ್ಯದಲ್ಲಿ ಓದುತ್ತಿದ್ದ. ಆ ವಾರ ನಾನು, ನನ್ನ ಹೆಂಡತಿ ದಿನಾ ಮೂರು ಸಲ ಅವನಿಗೆ ಫೋನ್ ಮಾಡಿದ್ದೇವೆ. ಇಂಥ ಜಾಗದಲ್ಲಿ ಯಾರು ಶ್ರೇಷ್ಠ ಅಂತ ಕೇಳೋದಕ್ಕಿಂತ ಮೊದಲು ಯಾರು ಸುರಕ್ಷಿತ ಅಂತ ಕೇಳಬೇಕು.


ಚಾಮುಂಡಿ ತಪ್ಪಲು

ಬೇಜಾರಿಲ್ಲ ಸರ್. ನೀವು ಬರೆದದ್ದು ಸರಿ. ಆ ಸುದ್ದಿ ಬಂದ ವಾರ ನಾನೂ ನಮ್ಮ ಚಾಪ್ಟರ್ ಮನೆಗೆ ಹೋಗಿ ಮೆಟ್ಟಿಲ ಮೇಲೆ ಹುಡುಗರನ್ನು ಕೂರಿಸಿಕೊಂಡು ಮಾತಾಡಿದ್ದೆ. ಪೆನ್ಸಿಲ್ವೇನಿಯಾದಲ್ಲಿ ಮರುವರ್ಷವೇ ಆ ಹುಡುಗನ ಹೆಸರಿನಲ್ಲಿ ಕಾನೂನು ಬಂತು. 2024ರ ಡಿಸೆಂಬರ್‌ನಲ್ಲಿ ಇಡೀ ದೇಶಕ್ಕೇ ಸ್ಟಾಪ್ ಕ್ಯಾಂಪಸ್ ಹೇಜಿಂಗ್ ಆಕ್ಟ್ ಆಯಿತು (ಹೇಜಿಂಗ್ ಅಂದರೆ ನಮ್ಮ ರ್‍ಯಾಗಿಂಗ್ ತರಹ). ಈಗ ಕಾಲೇಜುಗಳು ಹೇಜಿಂಗ್ ಪ್ರಕರಣಗಳನ್ನು ಲೆಕ್ಕ ಇಟ್ಟು ಎಲ್ಲರಿಗೂ ಕಾಣುವಂತೆ ಪ್ರಕಟಿಸಬೇಕು.

ನಿಮ್ಮ ಪ್ರಶ್ನೆಯೇ ನನ್ನ ಪ್ರಶ್ನೆ ಕೂಡ. ನಾನು ಹೇಳುತ್ತಿರುವ ಎರಡನೇ ಹುಡುಗ ಹೋದ ವರ್ಷ ಒಂದು ರಾತ್ರಿ ಎಚ್ಚರ ತಪ್ಪಿದ್ದ ಬ್ರದರ್ ಒಬ್ಬನನ್ನು ನೋಡಿ ತಕ್ಷಣ ತುರ್ತು ಸಹಾಯದ 911ಗೆ ಫೋನ್ ಮಾಡಿದ. ‘ಸ್ವಲ್ಪ ಮಲಗಿದರೆ ಸರಿಹೋಗ್ತಾನೆ, ಸುಮ್ನೆ ಪೊಲೀಸ್ ಬರ್ತಾರೆ’ ಅಂತ ಸುತ್ತ ನಿಂತವರು ಹೇಳಿದರು. ಇವನು ಕೇಳಲಿಲ್ಲ. ಆಸ್ಪತ್ರೆಯಲ್ಲಿ ಬೆಳಗಿನವರೆಗೆ ಕುರ್ಚಿಯಲ್ಲಿ ಕೂತಿದ್ದ, ಅಲ್ಲಿಂದ ನೇರ ಗೋದಾಮಿಗೆ ಹೋದ. ಆ ಬ್ರದರ್ ಈಗ ಚೆನ್ನಾಗಿದ್ದಾನೆ. ಇದಕ್ಕೆ ಯಾವ ಫಲಕ ಇದೆ ಹೇಳಿ.


ಆಸ್ಟಿನ್ ಅಮ್ಮ

ಅಣ್ಣಾ, ಓದುತ್ತಾ ಕಣ್ಣು ತುಂಬಿತು. ನನ್ನ ಮಗ ಡೆಲ್ಟಾ ಎಪ್ಸಿಲಾನ್ ಸೈ. ನಮ್ಮ ಕಡೆಯ ಹುಡುಗರೇ 1998ರಲ್ಲಿ ಇಲ್ಲೇ ಆಸ್ಟಿನ್‌ನಲ್ಲಿ ಶುರು ಮಾಡಿದ ದಕ್ಷಿಣ ಏಷ್ಯಾದವರ ಫ್ರಟರ್ನಿಟಿ. ಅವನು ಸೇರ್ತೀನಿ ಅಂದಾಗ ನಾನು ಒಂದು ವಾರ ಮಾತು ಬಿಟ್ಟಿದ್ದೆ.

ಒಂದು ವಿಷಯ ಹೇಳ್ತೀನಿ. ಹೋದ ವರ್ಷ ಏಪ್ರಿಲ್‌ನಲ್ಲಿ ಅವನು ಮೂರು ವಾರ ನಮ್ಮ ಗರಾಜ್‌ನಲ್ಲಿ ಮರ ಉಜ್ಜುತ್ತಿದ್ದ. ಪ್ಯಾಡಲ್ (ದೋಣಿ ಹುಟ್ಟಿನ ಆಕಾರದ ಹಲಗೆ) ಮಾಡ್ತಾ ಇದ್ದೀನಿ ಅಂದ. ಹೊಸಬನಿಗೆ ದಾರಿ ತೋರಿಸೋ ಸೀನಿಯರ್ ಒಬ್ಬ, ‘ಬಿಗ್’ ಅಂತ, ಇರ್ತಾನಂತೆ, ಇವನು ಅವನ ‘ಲಿಟಲ್’. ಬಿಗ್ ಡಿಗ್ರಿ ಮುಗಿಸಿ ಹೋಗುವಾಗ ಲಿಟಲ್ ಕೈಯಾರೆ ಮಾಡಿದ ಮರದ ಪ್ಯಾಡಲ್ ಕೊಡೋದು ರೂಢಿಯಂತೆ. ಮೊದಲು ಒರಟು ಸ್ಯಾಂಡ್‌ಪೇಪರ್, ಆಮೇಲೆ ನುಣುಪಿನದ್ದು, ಎರಡು ಸಲ ಬಣ್ಣ, ಮೇಲೆ ವಾರ್ನಿಷ್. ಅಕ್ಷರ ಒಂದು ಕೂದಲೆಳೆ ಸೊಟ್ಟಗಾಯಿತು ಅಂತ ಪೂರ್ತಿ ಕೆರೆದು ಮತ್ತೆ ಶುರು ಮಾಡಿದ. ಸ್ವಂತ ರೂಮು ಗುಡಿಸದ ಹುಡುಗ! ಪ್ಯಾಡಲ್ ಹಿಂದೆ ಏನು ಬರೆದೆ ಅಂತ ಕೇಳಿದೆ. ‘ಆರ್ಗ್ಯಾನಿಕ್ ಕೆಮಿಸ್ಟ್ರಿ ಪರೀಕ್ಷೆಯಲ್ಲಿ ಫೇಲಾದ ದಿನ ನೀನು ನನ್ನನ್ನು ಒಬ್ಬನೇ ಊಟಕ್ಕೆ ಕೂರಲು ಬಿಡಲಿಲ್ಲ’ ಅಂತ ಬರೆದಿದ್ದ. ಆ ಫೇಲಾದ ಸುದ್ದಿ ನನಗೇ ಗೊತ್ತಿರಲಿಲ್ಲ ನೋಡಿ.

ಒಂದು ಎಚ್ಚರಿಕೆ. ಆಸ್ಪತ್ರೆ ಕಥೆಯನ್ನು ಸ್ಟೇಜ್ ಮೇಲೆ ಹೇಳಬೇಡಿ. ಆ ಇನ್ನೊಬ್ಬ ಹುಡುಗನೂ ಅಲ್ಲೇ ಕೂತಿರ್ತಾನೆ. ಅವನ ಅಪ್ಪ ಅಮ್ಮ ಬಂದಿದ್ದರೆ? ಹೆಸರು ಹೇಳದಿದ್ದರೂ ಎಲ್ಲರಿಗೂ ಗೊತ್ತಾಗುತ್ತೆ.


ಚಾಮುಂಡಿ ತಪ್ಪಲು

ಅಕ್ಕ, ಇದು ನನಗೆ ಹೊಳೆದೇ ಇರಲಿಲ್ಲ. ನಾನು ಬರೆದಿಟ್ಟಿದ್ದ ಸೈಟೇಶನ್ (ಸನ್ಮಾನದ ಮಾತು) ಅಲ್ಲಿಂದಲೇ ಶುರುವಾಗಿತ್ತು. ತೆಗೆದುಹಾಕಿದೆ. ತುಂಬಾ ಥ್ಯಾಂಕ್ಸ್.


ಅಟ್ಲಾಂಟಾ ಕನ್ನಡತಿ

ನಾನು ಇಲ್ಲಿ ಒಂದು ಕಾಲೇಜಿನ ವಿದ್ಯಾರ್ಥಿ ವಿಭಾಗದಲ್ಲಿ ಕೆಲಸ ಮಾಡುತ್ತೇನೆ. ಕಪ್ಪು ಜನರ ಪ್ರಮುಖ ಫ್ರಟರ್ನಿಟಿ, ಸೊರಾರಿಟಿಗಳು (ಹುಡುಗಿಯರ ಸಂಘಗಳು) ಸೇರಿ ಒಂಬತ್ತು, ‘ಡಿವೈನ್ ನೈನ್’ ಅಂತಾರೆ. ಅವುಗಳಲ್ಲಿ ಮೊದಲನೆಯದು ಆಲ್ಫಾ ಫೈ ಆಲ್ಫಾ. 1906ರ ಡಿಸೆಂಬರ್ 4ರಂದು ಕಾರ್ನೆಲ್‌ನಲ್ಲಿ ಏಳು ಹುಡುಗರು ಕಟ್ಟಿದ್ದು. ಯಾಕೆ ಕಟ್ಟಿದರು ಅನ್ನೋದು ನಿಮ್ಮ ಪ್ರಶ್ನೆಗೆ ಹತ್ತಿರ ಇದೆ. ಅದಕ್ಕೆ ಹಿಂದೆ ಅಲ್ಲಿ ಓದುತ್ತಿದ್ದ ಆರು ಜನ ಕಪ್ಪು ವಿದ್ಯಾರ್ಥಿಗಳು ಮರುವರ್ಷ ವಾಪಸ್ ಬರಲೇ ಇಲ್ಲ. ಇರಲು ಜಾಗ ಸಿಗುವುದು ಕಷ್ಟ, ಜೊತೆ ಕೂತು ಓದುವವರಿಲ್ಲ. ಉಳಿದವರು ಒಟ್ಟಿಗೆ ಓದೋಣ, ಒಬ್ಬರನ್ನೊಬ್ಬರು ಬಿಡೋದು ಬೇಡ ಅಂತ ಸೇರಿದರು. ಮುಂದೆ ಸುಪ್ರೀಂ ಕೋರ್ಟ್ ನ್ಯಾಯಮೂರ್ತಿ ಥರ್ಗುಡ್ ಮಾರ್ಷಲ್, ಮಾರ್ಟಿನ್ ಲೂಥರ್ ಕಿಂಗ್ ಇಬ್ಬರೂ ಅದೇ ಸಂಘದ ಬ್ರದರ್‌ಗಳಾದರು.

ಅದಕ್ಕೇ ಇಲ್ಲಿ ಡಿಗ್ರಿ ಮುಗಿಸಿದ್ದೇ ಹಬ್ಬ. ಕಾನ್ವೊಕೇಶನ್ ದಿನ ಗೌನ್ ಮೇಲೆ ಸಂಘದ ಅಕ್ಷರ ಹೊಲಿಸಿದ ಸ್ಟೋಲ್ (ಹೆಗಲ ಪಟ್ಟಿ), ಕೆಲವರು ಆಫ್ರಿಕಾದ ಕೆಂಟೆ ಬಟ್ಟೆಯದ್ದು ಹಾಕಿಕೊಳ್ಳುತ್ತಾರೆ. ಒಬ್ಬನ ಹೆಸರು ಕರೆದರೆ ಹಿಂದಿನ ಸಾಲಿನಿಂದ ಹಳೇ ಬ್ರದರ್‌ಗಳು, 70 ದಾಟಿದವರು ಕೂಡ, ಎದ್ದು ನಿಂತು ಕೂಗುತ್ತಾರೆ. ಆಗ ಜಿಪಿಎ ಎಷ್ಟು ಅಂತ ಯಾರೂ ಕೇಳೋದಿಲ್ಲ. ವಾರಕ್ಕೆ 20 ಗಂಟೆ ದುಡಿದು ನಾಲ್ಕು ವರ್ಷದಲ್ಲಿ ಮುಗಿಸಿದ ಹುಡುಗ ಓದಿನಲ್ಲಿ ಹಿಂದೆ ಅಂತ ನಾನು ಒಪ್ಪುವುದಿಲ್ಲ.

ಕೆಲಸದ ಮಾತೊಂದು: ಫೆರ್ಪಾ ಅಂತ ವಿದ್ಯಾರ್ಥಿ ದಾಖಲೆಗಳ ಗೋಪ್ಯತೆಗೆ 1974ರ ಕಾನೂನು ಇದೆ. ಅಂಕಗಳು ಹುಡುಗನ ಸ್ವಂತ ವಿಷಯ. ಚಾಪ್ಟರ್‌ಗೆ ಗ್ರೇಡ್ ನೋಡಲು ಅವನು ಸಹಿ ಮಾಡಿ ಒಪ್ಪಿಗೆ ಕೊಟ್ಟಿರಬಹುದು, ಸಭೆಯಲ್ಲಿ ಓದಲು ಕೊಟ್ಟಿಲ್ಲ. ‘ಅಂಕ ಕಡಿಮೆ ಇದ್ದರೂ’ ಅನ್ನೋ ಮಾತು ಎಲ್ಲೂ ಬರಬಾರದು.


ನೀಲಿ ಟೈ

ಅಟ್ಲಾಂಟಾ ಮೇಡಂ ಹೇಳಿದ್ದು ಒಪ್ಪಿದೆ. ಆದರೂ ಓದಿನ ಮಿತಿ ಪೂರ್ತಿ ತೆಗೆಯೋದು ನನಗೆ ಸರಿ ಕಾಣಲ್ಲ. ಆರ್ಡರ್ ಆಫ್ ಒಮೇಗಾ ಅನ್ನೋ ಗೌರವ ಸಂಘ ಇದೆಯಲ್ಲ, 1959ರಲ್ಲಿ ಫ್ಲಾರಿಡಾದ ಯೂನಿವರ್ಸಿಟಿ ಆಫ್ ಮಯಾಮಿಯಲ್ಲಿ ಶುರುವಾದದ್ದು. ಕ್ಯಾಂಪಸ್‌ನ ಒಟ್ಟು ಫ್ರಟರ್ನಿಟಿ, ಸೊರಾರಿಟಿ ಸದಸ್ಯರಲ್ಲಿ ಮೇಲಿನ 3% ಜನಕ್ಕೆ ಮಾತ್ರ. ಅಲ್ಲೂ ಓದು ನೋಡುತ್ತಾರೆ. ಕಾಲೇಜಿಗೆ ಬಂದದ್ದು ಓದೋದಕ್ಕೆ ತಾನೇ?


ಅಟ್ಲಾಂಟಾ ಕನ್ನಡತಿ

ಓದೋದಕ್ಕೇ. ಆದರೆ ಒಬ್ಬನಿಗೆ ಓದಲು ಸಂಜೆ ಆರು ಗಂಟೆ ಸಿಗುತ್ತೆ, ಇನ್ನೊಬ್ಬನಿಗೆ ಎರಡು. ಇಬ್ಬರಿಗೂ ಒಂದೇ ಗೆರೆ ಎಳೆದರೆ ಅದನ್ನು ನ್ಯಾಯ ಅನ್ನಬೇಡಿ.


ಜೂನಿಯರ್ ಹುಡುಗ

ಅಂಕಲ್, ನಾನು ಈಗ ಓದ್ತಾ ಇರೋನು, ಇಲಿನಾಯ್. ಮನೇಲಿ ಅಮ್ಮ ಈ ಚರ್ಚೆ ತೋರಿಸಿದರು. ಕನ್ನಡ ಟೈಪ್ ಮಾಡೋದು ನಿಧಾನ, ತಪ್ಪಿದ್ದರೆ ಕ್ಷಮಿಸಿ.

ಸೀನಿಯರ್‌ಗಳಿಗೆ ಫಲಕ ಅಷ್ಟು ಮುಖ್ಯ ಅಲ್ಲ. ಮೂರು ನಿಮಿಷ ರೆಸ್ಯೂಮೆ ಓದಿದರೆ ಯಾರೂ ಕೇಳಲ್ಲ, ಎಲ್ಲ ಫೋನ್ ನೋಡ್ತಾರೆ. ನಮ್ಮ ಚಾಪ್ಟರ್‌ನಲ್ಲಿ ಚಿಕ್ಕವರು ಮಾತಾಡ್ತಾರೆ. ಒಬ್ಬೊಬ್ಬ ಸೀನಿಯರ್ ಬಗ್ಗೆ ಒಬ್ಬ ಚಿಕ್ಕವನು ಒಂದು ನಿಮಿಷ ಮಾತಾಡಬೇಕು. ಅವನು ಕಣ್ಣಾರೆ ನೋಡಿದ ಒಂದೇ ಒಂದು ವಿಷಯ ಹೇಳಬೇಕು. ಆಮೇಲೆ ಸೀನಿಯರ್ ವಿಲ್. ಹೋಗುವವರು ತಮ್ಮ ಒಂದು ವಸ್ತು ಇರುವವರಿಗೆ ಬಿಟ್ಟು ಹೋಗ್ತಾರೆ. ಯಾರಿಗೆ ಯಾಕೆ ಅಂತ ಹೇಳಿ ಕೊಡ್ತಾರೆ. ಹೋದ ವರ್ಷ ನನ್ನ ಬಿಗ್ ನನಗೆ ಅವನ ಟೇಬಲ್ ಲ್ಯಾಂಪ್ ಕೊಟ್ಟ. ‘ರಾತ್ರಿ ಮೂರರ ತನಕ ಇದು ಉರಿಯೋದು ನೋಡಿದ್ದು ನೀನೊಬ್ಬನೇ’ ಅಂದ. ಈಗ ದಿನಾ ಅದರಲ್ಲೇ ಓದೋದು.


ದಾವಣಗೆರೆ ಬೆಣ್ಣೆ

ತಮ್ಮಾ, ಕನ್ನಡ ಚೆನ್ನಾಗೇ ಬರೆದಿದ್ದೀಯ. ನಮ್ಮ ಹಾಸ್ಟೆಲ್‌ನಲ್ಲೂ ಬೀಳ್ಕೊಡುಗೆ ದಿನ ಬಕೆಟ್, ಕುಕ್ಕರ್, ನೋಟ್ಸ್ ಎಲ್ಲ ಚಿಕ್ಕವರಿಗೆ ಹಂಚಿ ಹೋಗುತ್ತಿದ್ದೆವು. ಸರ್, ಈ ಹುಡುಗ ಹೇಳಿದ ಹಾಗೇ ಮಾಡಿ.


ಚಾಮುಂಡಿ ತಪ್ಪಲು

ನಿನ್ನೆ ನಾವು ಮೂವರೂ ಎರಡು ಗಂಟೆ ಕೂತಿದ್ದೆವು. ಹೀಗೆ ತೀರ್ಮಾನ ಆಗಿದೆ.

ಫಲಕ ಪ್ರೆಸಿಡೆಂಟ್ ಹುಡುಗನಿಗೆ. ನಿಯಮ ಗೊತ್ತಿದ್ದು ಅರ್ಜಿ ಹಾಕಿದ್ದಾನೆ, ಅರ್ಹತೆ ಇದೆ. ಅವನನ್ನು ಬದಿಗೆ ಸರಿಸಿ ಇನ್ನೊಬ್ಬನನ್ನು ಎತ್ತುವುದು ನನಗೂ ಸರಿ ಅನ್ನಿಸಲಿಲ್ಲ. ಹನ್ನೊಂದೂ ಜನರ ಹೆಸರು ಕರೆಯುತ್ತೇವೆ, ಚಿಕ್ಕವರೇ ಮಾತಾಡುತ್ತಾರೆ. ಮುಂದಿನ ವರ್ಷದಿಂದ 3.0 ಇರಬೇಕೋ ಬೇಡವೋ ಅಂತ ಚಾಪ್ಟರ್ ಮೀಟಿಂಗ್‌ನಲ್ಲಿ ಹುಡುಗರೇ ಓಟು ಹಾಕಲಿ. ನನ್ನ ಅಭಿಪ್ರಾಯ ತೆಗೆಯಬೇಕು ಅಂತಲೇ.

ಅಡುಗೆಮನೆ ಹುಡುಗನ ಬಗ್ಗೆ ಮಾತಾಡಲು ಎರಡನೇ ವರ್ಷದವನೊಬ್ಬ ಮುಂದೆ ಬಂದ. ಅವನು ಬರೆದುಕೊಂಡು ಬಂದಿದ್ದನ್ನು ನೋಡಿ. ಇಂಗ್ಲಿಷಿನಲ್ಲಿದೆ, ಅರ್ಥ ಇಲ್ಲಿ ಹಾಕುತ್ತೇನೆ: ‘ನಿಸ್ವಾರ್ಥ ಸೇವೆ, ಅಪಾರ ಬದ್ಧತೆ, ಎಲ್ಲರಿಗೂ ಮಾದರಿಯಾದ ಸೋದರತ್ವ.’ ಇದನ್ನು ಯಾರ ಬಗ್ಗೆ ಬೇಕಾದರೂ ಓದಬಹುದು ಅಲ್ವಾ? ನಾನು ಅವನನ್ನು ಅಡುಗೆಮನೆಗೆ ಕರೆದುಕೊಂಡು ಹೋದೆ. ಫ್ರಿಜ್ ಬಾಗಿಲಿಗೆ ಪ್ರತಿವಾರ ಒಂದು ಹಾಳೆ ಅಂಟಿಸುತ್ತೇವೆ, ಆ ವಾರಾಂತ್ಯ ಯಾರು ಡ್ರೈವರ್ ಅಂತ. ಹಳೇ ಹಾಳೆಗಳನ್ನು ಹೌಸ್ ಮ್ಯಾನೇಜರ್ ಫೈಲ್ ಮಾಡಿ ಇಟ್ಟಿರುತ್ತಾನೆ. ಮೂರು ವರ್ಷದ್ದನ್ನು ಮೇಜಿನ ಮೇಲೆ ಹರಡಿ ಇಬ್ಬರೂ ಎಣಿಸಿದೆವು. ಕೆಲವಕ್ಕೆ ಎಣ್ಣೆ ಕಲೆ, ಒಂದಕ್ಕೆ ಪಿಜ್ಜಾ ಸಾಸ್. ಬೇರೆಯವರ ಹೆಸರು ಹೊಡೆದುಹಾಕಿ ಪಕ್ಕದಲ್ಲಿ ಇವನ ಹೆಸರು, ಅದೇ ನೀಲಿ ಪೆನ್ನಿನಲ್ಲಿ, ಮತ್ತೆ ಮತ್ತೆ. ಒಟ್ಟು 61 ರಾತ್ರಿ. ಅವನ ಸ್ವಂತ ಸರದಿ ಅದರಲ್ಲಿ 14 ಮಾತ್ರ.

ಆ ಚಿಕ್ಕ ಹುಡುಗ ಎಣಿಸಿ ಮುಗಿಸಿ ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ ‘ಇದರಲ್ಲಿ ನನ್ನ ಹೆಸರು ಹೊಡೆದಿರೋದು ನಾಲ್ಕು ಸಲ’ ಅಂದ. ‘ಅದನ್ನೇ ಹೇಳು’ ಅಂದೆ.


ನೇರ ಮಾತು

ಸರ್, ಈ ಹಾಳೆಯ ಲೆಕ್ಕ ಓದಿ ನನ್ನ ಹೆಂಡತಿಗೂ ಓದಿ ಹೇಳಿದೆ. 61 ಮನೆಗಳ ಅಪ್ಪ ಅಮ್ಮ ಅವತ್ತು ನೆಮ್ಮದಿಯಾಗಿ ಮಲಗಿರ್ತಾರೆ. ಅದಕ್ಕಿಂತ ಜಾಸ್ತಿ ಮನೆಗಳೇ ಇರಬೇಕು, ಒಂದು ಕಾರಿನಲ್ಲಿ ನಾಲ್ಕು ಜನ ಅಲ್ವಾ? ಅವನಿಗೆ ನನ್ನ ಕಡೆಯಿಂದಲೂ ನಮಸ್ಕಾರ ತಿಳಿಸಿ.


ಆಸ್ಟಿನ್ ಅಮ್ಮ

ಹೇಗಾಯಿತು ಅಂತ ಬರೆಯೋದು ಮರೀಬೇಡಿ ಅಣ್ಣ. ಕಾಯ್ತಾ ಇರ್ತೀವಿ.


ಚಾಮುಂಡಿ ತಪ್ಪಲು

ಭಾನುವಾರ ಮಧ್ಯಾಹ್ನ. ಈಗಷ್ಟೇ ಮನೆಗೆ ಬಂದೆ.

ನಿನ್ನೆ ಊಟ ಮನೆಯಲ್ಲೇ, ಅದೇ ಉದ್ದನೆ ಮೇಜುಗಳಲ್ಲಿ. ಮೊದಲು ಪ್ರೆಸಿಡೆಂಟ್ ಹುಡುಗನಿಗೆ ಫಲಕ ಕೊಟ್ಟೆವು. ಅವನ ಬಗ್ಗೆ ಮಾತಾಡಿದವನು ಹೇಳಿದ್ದು ಇದೊಂದೇ: ‘ನನ್ನ ಅಜ್ಜ ತೀರಿಕೊಂಡಾಗ ನಾಲ್ಕು ಗಂಟೆ ಡ್ರೈವ್ ಮಾಡಿ ಬಂದು ಹಿಂದಿನ ಬೆಂಚಿನಲ್ಲಿ ಕೂತಿದ್ದ, ಮಾತಾಡಿಸದೇ ಹೋದ.’ ನಾನು ಆರು ತಿಂಗಳಿಂದ ಅವನ ಅರ್ಜಿ ನೋಡುತ್ತಿದ್ದೇನೆ, ಈ ಸಂಗತಿ ಅದರಲ್ಲಿ ಇರಲಿಲ್ಲ.

ಅಡುಗೆಮನೆ ಹುಡುಗನ ಸರದಿ ಒಂಬತ್ತನೆಯದು. ಎರಡನೇ ವರ್ಷದವನು ಎದ್ದು ನಿಂತ. ಭಾಷಣ ಬರೆದ ಕಾಗದ ತರಲಿಲ್ಲ. ತನ್ನ ಹೆಸರು ಹೊಡೆದಿದ್ದ ಆ ನಾಲ್ಕು ಹಾಳೆ ಕೈಯಲ್ಲಿ ಹಿಡಿದಿದ್ದ. ‘ಇವತ್ತಿನ ತನಕ ನಾನು ಇದಕ್ಕೆ ಥ್ಯಾಂಕ್ಸ್ ಹೇಳಿಲ್ಲ’ ಅಂದ. 61 ಅಂದ. 14 ಅಂದ. ಅಷ್ಟೇ, ಕೂತುಬಿಟ್ಟ. ಒಂದು ಕ್ಷಣ ಚಮಚದ ಸದ್ದೂ ಇರಲಿಲ್ಲ. ಆಮೇಲೆ ಮೂಲೆಯ ಮೇಜಿನಿಂದ ಒಬ್ಬ ಎದ್ದು ನಿಂತ. ಹೋದ ವರ್ಷ ಆಸ್ಪತ್ರೆಗೆ ಹೋದವನು ಅವನೇ. ನಾವು ಯಾರೂ ಅವನಿಗೆ ಹೇಳಿರಲಿಲ್ಲ. ಅವನು ನಿಂತದ್ದು ನೋಡಿ ಒಬ್ಬೊಬ್ಬರಾಗಿ ಎಲ್ಲರೂ ನಿಂತರು.

ಅಡುಗೆಮನೆ ಹುಡುಗನ ಅಪ್ಪ ಬಂದಿದ್ದರು. ಲಾರಿ ರಿಪೇರಿ ಮಾಡುವವರು, ಕೋಟಿನ ತೋಳು ಗಿಡ್ಡ ಆಗಿತ್ತು. ಊಟ ಆದ ಮೇಲೆ ನನ್ನ ಹತ್ತಿರ ಬಂದು ಆ ಹಾಳೆಗಳಲ್ಲಿ ಒಂದು ತಗೊಳ್ಳಬಹುದಾ ಅಂತ ಕೇಳಿದರು. ಚೆನ್ನಾಗಿರೋದು ಹುಡುಕಲು ಹೋದೆ. ಅವರು ಎಣ್ಣೆ ಕಲೆ ಇದ್ದದ್ದನ್ನೇ ಆರಿಸಿ, ಮಡಚದೆ, ಕಾರ್ಯಕ್ರಮದ ಪುಸ್ತಕದೊಳಗೆ ಇಟ್ಟುಕೊಂಡರು.

ಇನ್ನೊಂದು. 90ರ ದಶಕದ ನಮ್ಮ ಟ್ರೆಜರರ್‌ಗೆ ಶುಕ್ರವಾರ ಮೇಲ್ ಹಾಕಿದ್ದೆ. ಆ ರಾತ್ರಿ ಬಾಗಿಲ ಹತ್ತಿರ ನಿಂತಿದ್ದು ನಾನು, ನಿನ್ನ ಹೆಸರು ಹೇಳಬೇಕಿತ್ತು, ಹೇಳಲಿಲ್ಲ ಅಂತ ಬರೆದೆ. ಸಾಲದ ಲೆಕ್ಕ, ರಸೀದಿಗಳು, ನೆನಪಿದ್ದದ್ದೆಲ್ಲ ಬರೆದೆ. ಇವತ್ತು ಬೆಳಿಗ್ಗೆ ಉತ್ತರ ಬಂದಿದೆ. ಎರಡೇ ಸಾಲು. ಹಾರ್ಡ್‌ವೇರ್ ಅಂಗಡಿಯವರ ಬಾಕಿ ನಾನು ಬರೆದಷ್ಟಲ್ಲ, ಅದಕ್ಕಿಂತ 40 ಡಾಲರ್ ಜಾಸ್ತಿ ಇತ್ತಂತೆ. ಮುಂದಿನ ಸೀನಿಯರ್ ನೈಟ್ ಯಾವ ದಿನ ಅಂತ ಕೇಳಿದ್ದಾನೆ.